ತಮ್ಮ ಐಟಿ ಕೆಲಸ ಬಿಟ್ಟು ಮೀನು ಹಿಡಿಸುವ ಗೈಡ್ ಆಗುತ್ತಾನಂತೆ. ಇದರಲ್ಲಿ ಬದುಕು ನಡೆಯುತ್ತಾ?

ತುಂಗಾತೀರದವಳು:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ತಮ್ಮನಿಗೆ 26 ವರ್ಷ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅವನಿಗೆ ಚಿಕ್ಕಂದಿನಿಂದ ಗಾಳದ ಹುಚ್ಚು. ಶಾಲೆಯಿಂದ ಬಂದವನೇ ಬ್ಯಾಗನ್ನು ಜಗಲಿಗೆ ಎಸೆದು, ಕೊಟ್ಟಿಗೆ ಹಿಂದೆ ಎರೆಹುಳು ಕೆದಕಿಕೊಂಡು ಹೊಳೆಗೆ ಓಡುತ್ತಿದ್ದ. ಮೊದಲ ಮಳೆ ಬಿದ್ದ ರಾತ್ರಿ ಹತ್ತುಮೀನು (ಹೊಸ ನೀರಿಗೆ ಎದುರಾಗಿ ಗದ್ದೆಗೆ ಹತ್ತಿ ಬರುವ ಮೀನು) ಅಂತ ಟಾರ್ಚ್ ಹಿಡಿದು ಗದ್ದೆಗೆ ಹೊರಟರೆ ವಾಪಸ್ ಬರುವುದು ಯಾವಾಗಲೋ. ಅಪ್ಪ ಬೈದು ಬೈದು ಸುಸ್ತಾದರು.

ದೊಡ್ಡವನಾದ ಮೇಲೆ ಬಿಡುತ್ತಾನೆ ಅಂದುಕೊಂಡಿದ್ದೆವು. ಬಿಡಲಿಲ್ಲ. ಸಂಬಳ ಬಂದ ಮೇಲೆ ಬಿದಿರು ಕೋಲು ಹೋಗಿ ದುಬಾರಿ ರಾಡು, ರೀಲು ಬಂತು. ಈಗ ಶನಿವಾರ ಭಾನುವಾರ ಆಫೀಸಿನವರನ್ನು ಕರೆದುಕೊಂಡು ಹೋಗಿ ಅವರ ಕೈಯಲ್ಲಿ ಮೀನು ಹಿಡಿಸುತ್ತಾನೆ. ಅವರು ದುಡ್ಡೂ ಕೊಡುತ್ತಾರೆ! ಹೋದ ವಾರ ಮನೆಗೆ ಬಂದು, ಕೆಲಸ ಬಿಟ್ಟು ಇದನ್ನೇ ಮಾಡುತ್ತೇನೆ ಅಂದ. ಅಮ್ಮ ಊಟ ಬಿಟ್ಟು ಕೂತಿದ್ದಾರೆ. ಅಪ್ಪ ಮಾತೇ ಆಡುತ್ತಿಲ್ಲ. ನಾನು ಮಧ್ಯದಲ್ಲಿ.

ಇದು ನಿಜವಾಗಲೂ ಒಂದು ಕೆಲಸವಾ? ಇದರಲ್ಲಿ ಬದುಕು ಕಟ್ಟಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ?

ಮಂಡ್ಯದ ಮುದ್ದೆ:
ಇಎಂಐ ಇದೆಯಾ ಮೊದಲು ಕೇಳಿ. ಇದ್ದರೆ ಮೀನು ಅವನನ್ನೇ ಹಿಡಿಯುತ್ತೆ.

ಸಹ್ಯಾದ್ರಿ ಸುಬ್ಬಣ್ಣ:
ನಿಮ್ಮ ಕಡೆಯೇ ಶುರು ಮಾಡುತ್ತಾನೆ ಅಂದರೆ ಒಂದು ಮಾತು. ತುಂಗೆಯಲ್ಲಿ ಕೆಲವು ಕಡೆ ಗಾಳ ಹಾಕುವ ಹಾಗಿಲ್ಲ. ಶೃಂಗೇರಿ ಮಠದ ಮುಂದಿನ ಮೀನು ದೇವರ ಮೀನು. ಶಿಶಿಲದ ಕಪಿಲಾ ಹೊಳೆ, ಹಾಸನದ ರಾಮನಾಥಪುರ, ಎಲ್ಲ ಕಡೆ ಹೀಗೇ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಿದ್ದವು. ಆ ಊರಿನವರು ಇವತ್ತಿಗೂ ಮರೆತಿಲ್ಲ. ಅಂಥ ಜಾಗದ ಹತ್ತಿರ ರಾಡ್ ಹಿಡಿದು ಬೆಂಗಳೂರಿನ ನಾಲ್ಕು ಜನ ಇಳಿದರೆ ಪೊಲೀಸರಿಗೆ ಮುಂಚೆ ಊರವರೇ ಬರುತ್ತಾರೆ.

ತುಂಗಾತೀರದವಳು:
ಅದು ಅವನಿಗೆ ಗೊತ್ತು ಸಾರ್. ಚಿಕ್ಕವನಿದ್ದಾಗ ಅಜ್ಜಿ ಜೊತೆ ಹೋಗಿ ಮಂಡಕ್ಕಿ ಹಾಕಿ ಬಂದವನೇ ಅವನು. ಅಲ್ಲಿ ಮೀನು ನೋಡುತ್ತಾ ಅವನ ಕಣ್ಣು ಹೊಳೆಯುತ್ತಿದ್ದದ್ದು ನೋಡಿ ಅಜ್ಜಿಗೆ ಭಯವಾಗಿತ್ತು. 😄

ಹರಿಗೋಲು:
ಅಕ್ಕಾ, ನಾನು ಇದೇ ಕೆಲಸದವನು. ಕನಕಪುರ ತಾಲ್ಲೂಕು, ಕಾವೇರಿ ದಡದ ಊರು. ಸ್ವಲ್ಪ ಉದ್ದವಾಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಸೋದರಮಾವ ಮೊದಲು ಬಲೆ ಹಾಕುತ್ತಿದ್ದವರು. ಯಾವ ಥರದ ಬಲೆ ಅಂತ ಬಿಡಿಸಿ ಹೇಳುವುದು ಬೇಡ. ಆಮೇಲೆ ಒಂದು ಫಿಶಿಂಗ್ ಕ್ಯಾಂಪಿನಲ್ಲಿ ಗೈಡ್ ಆದರು. ಆ ಕಾಲದ ಕ್ಯಾಂಪುಗಳಿಗೆ ಬೇಕಾಗಿದ್ದದ್ದೂ ಇಂಥವರೇ. ಯಾವ ಮಡುವಿನಲ್ಲಿ ಮೀನು ಎಲ್ಲಿ ನಿಲ್ಲುತ್ತೆ ಅನ್ನುವುದು ಕದ್ದು ಹಿಡಿದವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಶಾಲೆಗೆ ರಜೆ ಬಂದರೆ ನಾನು ಮಾವನ ಬಾಲ. ನನ್ನ ಕೆಲಸ ರಾಗಿ ಉಂಡೆ. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ, ಕುದಿಯುವ ನೀರಿಗೆ ಹಾಕಿ ಬೇಯಿಸುವುದು. ಆರಿದ ಮೇಲೆ ಮತ್ತೆ ನಾದುವುದು. ಮೆತ್ತಗಾದರೆ ನೀರಿನ ಸೆಳೆತಕ್ಕೆ ಬಿಚ್ಚಿಕೊಳ್ಳುತ್ತೆ. ಗಟ್ಟಿಯಾದರೆ ಗಾಳದ ಮೊನೆ ಆಚೆ ಬರುವುದಿಲ್ಲ, ಮೀನು ಕಚ್ಚಿದರೂ ಸಿಕ್ಕಿಕೊಳ್ಳಲ್ಲ. ಸೋಂಪು ಹಾಕಬೇಕು ಅಂತ ಒಬ್ಬ ಗೈಡು, ಬೇಡವೇ ಬೇಡ ಅಂತ ಇನ್ನೊಬ್ಬ. ಈ ಜಗಳ ಇನ್ನೂ ಮುಗಿದಿಲ್ಲ.

ಮೀಸೆ ಬರುವ ಹೊತ್ತಿಗೆ ನಾನೂ ಹರಿಗೋಲಿಗೆ ಹತ್ತಿದೆ. ಬಿಳಿಮೀನು, ಅಂದರೆ ನೀವು ಮಹಶೀರ್ ಅನ್ನುತ್ತೀರಲ್ಲ ಆ ದೊಡ್ಡ ಹೊಳೆಮೀನು, ಅದು ಕಚ್ಚಿದ ತಕ್ಷಣ ಹೊಳೆ ಇಳಿಜಾರಿಗೆ ಓಡುತ್ತೆ. ರೀಲು ಕಿರುಚುತ್ತೆ. ಗೆಸ್ಟು ಕೂಡ ಕಿರುಚುತ್ತಾರೆ. ಮೀನು ಬಂಡೆ ಸಂದಿಗೆ ನುಗ್ಗಿ ದಾರ ಸಿಕ್ಕಿಸಿತು ಅಂದುಕೊಳ್ಳಿ, ಆಗ ಗೈಡು ಹರಿಗೋಲು ತೆಗೆದುಕೊಂಡು ಬಂಡೆಯ ಆ ಕಡೆಗೆ ಹೋಗಿ ದಾರ ಬಿಡಿಸಬೇಕು. ಮೇಲಿನಿಂದ ನೀರು ಬಿಟ್ಟಿದ್ದಾರಾ, ಸೆಳೆತ ಎಷ್ಟಿದೆ, ಮೊಸಳೆ ಎಲ್ಲಿ ಬಿಸಿಲು ಕಾಯುತ್ತಿದೆ, ಎದುರು ದಡದಲ್ಲಿ ಆನೆ ಇಳಿಯುತ್ತಿದೆಯಾ, ಎಲ್ಲ ನೋಡಿಕೊಂಡೇ. ಗೆಸ್ಟಿಗೆ ಕಾಣುವುದು ಮೀನು ಮಾತ್ರ.

ನಿಮ್ಮ ತಮ್ಮನಿಗೆ ಹೇಳಬೇಕಾದದ್ದು ಇದು. ಮೀನು ಹಿಡಿಯುವುದು ಇಷ್ಟ ಅಂತ ಗೈಡ್ ಆಗಬೇಡ. ಗೈಡ್ ಆದ ಮೇಲೆ ನನ್ನ ಕೈಗೆ ರಾಡು ಬಂದದ್ದು ಅಪರೂಪ. ಸೀಸನ್ನಿನಲ್ಲಿ ದಿನವಿಡೀ ನೀರಿನ ಪಕ್ಕ ಇರುತ್ತೀಯ, ಆದರೆ ಹಿಡಿಯುವವನು ಬೇರೆಯವನು. ಮೀನು ಬಂದರೆ ಅದು ಅವರ ಕೈಚಳಕ. ತಪ್ಪಿಸಿಕೊಂಡರೆ ಗೈಡು ಗಂಟು ಸರಿಯಾಗಿ ಹಾಕಿರಲಿಲ್ಲ. ಇದನ್ನು ನಗುತ್ತಾ ಕೇಳಿಸಿಕೊಳ್ಳುವವನಿಗೆ ಈ ಕೆಲಸ.

ದುಡ್ಡಿನ ಮಾತು: ದಿನಗೂಲಿ, ಮೇಲೆ ಭಕ್ಷೀಸು. ಚಳಿಗಾಲದಿಂದ ಬೇಸಿಗೆವರೆಗೆ ಕೈ ತುಂಬಾ ಕೆಲಸ, ಮಳೆಗಾಲದಲ್ಲಿ ಹೊಲ. 2010 ದಾಟಿದ ಮೇಲೆ ಕಾವೇರಿ ಅಭಯಾರಣ್ಯದ ಒಳಗೆ ಗಾಳ ಹಾಕುವುದು ನಿಂತಿತು. ನಮ್ಮ ಮನೆಗೆ ಆಗ ಬಿದ್ದ ಪೆಟ್ಟು ದೊಡ್ಡದು. ಮಾವ ಮತ್ತೆ ಹೊಳೆಗೆ ಇಳಿಯಲೇ ಇಲ್ಲ. ನಾನು ಹಕ್ಕಿ ಹೆಸರು ಕಲಿತು, ಟೂರಿಸ್ಟುಗಳಿಗೆ ಹಕ್ಕಿ ತೋರಿಸಿಕೊಂಡು, ಹರಿಗೋಲು ಸವಾರಿ ಮಾಡಿಸಿಕೊಂಡು ಬದುಕಿದೆ. ಈಗ ಖಾಸಗಿ ಕೊಳಗಳಲ್ಲಿ ಕಲಿಸುತ್ತೇನೆ. ಸೀಸನ್ನಿನಲ್ಲಿ ಗುಂಪು ಕಟ್ಟಿಕೊಂಡು ಉತ್ತರಾಖಂಡದ ಕಡೆ ಹೋಗುತ್ತೇನೆ.

ಮಂಡ್ಯದ ಮುದ್ದೆ:
ಮುದ್ದೆ ತಿಂದು ಬೆಳೆದ ಮೀನು ಅಂದಮೇಲೆ 50 ಕೆಜಿ ತೂಗದೆ ಇರುತ್ತಾ.

ಹಳೇ ಪೇಪರ್ ರಾಯರು:
ತಮಾಷೆ ಅಲ್ಲ, ನಿಜಕ್ಕೂ ತೂಗಿದೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನ ಗೊತ್ತಲ್ಲ, ಸತ್ತ ಹುಲಿ ಚಿರತೆಗಳ ಚರ್ಮವನ್ನು ಹದ ಮಾಡಿ ಜೀವ ಇರುವ ಹಾಗೆ ನಿಲ್ಲಿಸುತ್ತಿದ್ದವರು. ಅವರಲ್ಲೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಎತ್ತಿದ ಮಹಶೀರ್ 120 ಪೌಂಡ್. ಹೆಚ್ಚುಕಡಿಮೆ 54 ಕೆಜಿ. ಎಷ್ಟೋ ಕಾಲ ಅದೇ ದಾಖಲೆ.

ಆಮೇಲೆ ಕಾವೇರಿಯಲ್ಲಿ ಈ ಮೀನು ಮುಗಿದೇ ಹೋಯಿತು ಅಂತ ಹೊರಗಿನವರು ಅಂದುಕೊಂಡಿದ್ದರು. 1977ರಲ್ಲಿ ಇಂಗ್ಲೆಂಡಿನ ಮೂವರು ಹುಡುಗರು ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್ ಅಂತ ಹೆಸರಿಟ್ಟುಕೊಂಡು ಬಂದು ಹುಡುಕಿದಾಗ ದೊಡ್ಡ ದೊಡ್ಡ ಮೀನೇ ಸಿಕ್ಕವು. ಆ ಸುದ್ದಿಯ ಮೇಲೆ ಹೊರದೇಶದವರು ಬರಲು ಶುರುವಾದರು. ಕಾವೇರಿ ದಡದ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಕ್ಯಾಂಪುಗಳು ಹೆಸರು ಮಾಡಿದ್ದು ಆಮೇಲೆ. 1972ರಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕೂಡ ಹೊಳೆಯ ಒಂದು ಭಾಗ ಗುತ್ತಿಗೆ ಹಿಡಿದು ಕಾವಲಿಗೆ ಜನ ಇಟ್ಟಿತ್ತು.

ನೀರಿಗಿಳಿಯದವನು:
ನನಗೆ ಅರ್ಥವಾಗದ್ದು ಒಂದೇ. ಹಿಡಿದು ತಿಂದರೆ ಸರಿ, ಹಸಿವು. ಹಿಡಿದು, ಫೋಟೋ ತೆಗೆದು, ವಾಪಸ್ ಬಿಡುವುದು ಯಾವ ಕರುಣೆ? ಬಾಯಿಗೆ ಕೊಕ್ಕೆ ಚುಚ್ಚಿ ಅರ್ಧ ಗಂಟೆ ಎಳೆದಾಡಿ, ಆಮೇಲೆ ಮುತ್ತು ಕೊಟ್ಟು ಬಿಡುತ್ತಾರಂತೆ. ಇದಕ್ಕೆ ಸಂಬಳ ಬೇರೆ.

ಹರಿಗೋಲು:
ಸಾರ್, ನಿಮ್ಮ ಪ್ರಶ್ನೆ ತಪ್ಪಲ್ಲ. ಆದರೆ ನಮ್ಮ ಕ್ಯಾಂಪ್ ಇದ್ದ ಕಡೆ ಡೈನಮೈಟ್ ಸದ್ದು ಕೇಳುತ್ತಿರಲಿಲ್ಲ. ಒಂದು ತೋಟೆ ಎಸೆದರೆ ಆ ಮಡುವಿನಲ್ಲಿರುವ ಮರಿ ಸಮೇತ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ನಾವು ಹೊಳೆಯಲ್ಲಿ ಹಗಲೂ ರಾತ್ರಿ ಇರುತ್ತಿದ್ದೆವು, ಅದಕ್ಕೇ ಕಳ್ಳರು ಬರುತ್ತಿರಲಿಲ್ಲ. ಕ್ಯಾಂಪ್ ನಿಂತ ಮೇಲೆ ಹೊಳೆ ಕಾಯುವವರು ಯಾರು?

ನೀರಿಗಿಳಿಯದವನು:
ಅಂದರೆ ಕಾಯುವುದಕ್ಕೆ ಚುಚ್ಚಲೇಬೇಕಾ? ಸುಮ್ನೆ ಕಾಯಿರಿ.

ಹರಿಗೋಲು:
ಸುಮ್ನೆ ಕಾಯುವವನಿಗೆ ರೇಷನ್ ಯಾರು ಕೊಡುತ್ತಾರೆ ಸಾರ್?

ಕೆರೆಏರಿ:
ಮೀನಿನ ಬಗ್ಗೆ ಓದಿದವಳು, ಒಂದೆರಡು ಮಾತು ಸೇರಿಸುತ್ತೇನೆ. ಇಬ್ಬರೂ ಅರ್ಧ ಸರಿ.

ಕಾವೇರಿಯ ಆ ಬೆನ್ನುಬ್ಬಿದ ದೊಡ್ಡ ಮಹಶೀರ್‌ಗೆ 2018ರವರೆಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕಿ 2007ರಲ್ಲಿ ಟಾರ್ ರೆಮಾದೇವಿ ಎಂಬ ಹೆಸರು ಪಡೆದ ಮೀನು ಮತ್ತು ಇದು ಒಂದೇ ಅಂತ ಆಗ ಗೊತ್ತಾಯಿತು. ಪಾಂಬಾರ್ ಕೂಡ ಕಾವೇರಿಗೇ ಸೇರುವ ನೀರು. ಆ 2018ರಲ್ಲೇ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಅಳಿವಿನ ಅಂಚಿಗೆ ತೀರಾ ಹತ್ತಿರ ಇರುವ ಮೀನುಗಳ ಪಟ್ಟಿಗೆ ಸೇರಿಸಿತು. ಈ ಮೀನು ಇರುವುದು ಕಾವೇರಿ ಮತ್ತು ಅದಕ್ಕೆ ಸೇರುವ ಹೊಳೆಗಳಲ್ಲಿ ಮಾತ್ರ. ಈಗ ಸ್ವಲ್ಪ ಚೆನ್ನಾಗಿ ಉಳಿದಿರುವುದು ತಮಿಳುನಾಡಿನ ಮೋಯಾರ್ ಹೊಳೆಯಲ್ಲಿ.

ಇದೆಲ್ಲ ಹೇಗೆ ಗೊತ್ತಾಯಿತು? ಬಹುಪಾಲು ಗೈಡುಗಳ ದೆಸೆಯಿಂದ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನಿನ ಲೆಕ್ಕ ಬರೆದಿಟ್ಟಿದ್ದರು. ಅದನ್ನು ವಿಜ್ಞಾನಿಗಳು ಕೂತು ನೋಡಿದಾಗ ಎರಡು ವಿಷಯ ಕಂಡವು. ಒಟ್ಟು ಮೀನು ಹೆಚ್ಚಾಗಿತ್ತು, ಅಂದರೆ ಹರಿಗೋಲು ಅವರು ಹೇಳುವ ಕಾವಲು ಸುಳ್ಳಲ್ಲ. ಆದರೆ ಹೆಚ್ಚಾದದ್ದು ನೀಲಿ ರೆಕ್ಕೆಯ ಮಹಶೀರ್. ಅದು ಇಲ್ಲಿಯದಲ್ಲ. ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿ, ಒಳ್ಳೆಯದಾಗಲಿ ಅಂತಲೇ ತಂದು ಬಿಟ್ಟದ್ದು. ನಮ್ಮ ಬೆನ್ನುಬ್ಬಿನ ಮೀನು ಅದೇ ಹೊತ್ತಿನಲ್ಲಿ ಕಡಿಮೆಯಾಗುತ್ತಾ ಬಂತು. ಗೆಸ್ಟುಗಳು ಖುಷಿಯಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಕೆಳಗೆ ಇದು ನಡೆಯುತ್ತಿತ್ತು.

ಇನ್ನು ಅಕ್ಕನ ತಮ್ಮನಿಗೆ: ಹತ್ತುಮೀನು ಹಿಡಿಯುವುದನ್ನು ದಯವಿಟ್ಟು ನಿಲ್ಲಿಸಲಿ. ಅವು ಮೊಟ್ಟೆ ಇಡಲು ಮೇಲೆ ಹತ್ತುವ ಮೀನು. ಹೊಟ್ಟೆ ತುಂಬಾ ಮೊಟ್ಟೆ ಇರುತ್ತೆ.

ಸಹ್ಯಾದ್ರಿ ಸುಬ್ಬಣ್ಣ:
ಅಯ್ಯೋ, ಮಲೆನಾಡಿನಲ್ಲಿ ಹತ್ತುಮೀನು ಬೇಡ ಅನ್ನುವುದು ದೀಪಾವಳಿ ಬೇಡ ಅಂದ ಹಾಗೆ. ನಮ್ಮಜ್ಜನ ಕಾಲದಿಂದ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಟ್ಟು ಹಿಡಿದಿದ್ದೇವೆ, ಮೀನು ಮುಗಿದಿತ್ತಾ? ಮುಗಿದದ್ದು ಗದ್ದೆಗೆ ಔಷಧಿ ಹೊಡೆಯಲು ಶುರು ಮಾಡಿದ ಮೇಲೆ. ಹಳ್ಳಕ್ಕೆಲ್ಲ ಚೆಕ್ ಡ್ಯಾಮ್ ಕಟ್ಟಿದ ಮೇಲೆ. ಮೀನು ಹತ್ತುವುದಾದರೂ ಎಲ್ಲಿಗೆ?

ಕೆರೆಏರಿ:
ಅದೂ ನಿಜ. ಆದರೆ ಕಾರಣ ಮೂರಿದ್ದರೆ ಮೂರನ್ನೂ ಕಡಿಮೆ ಮಾಡಬೇಕಲ್ವಾ? ನಿಮ್ಮ ಅಜ್ಜನ ಕಾಲದಲ್ಲಿ ಊರಿಗೆ ಎಷ್ಟು ಜನ ಟಾರ್ಚ್ ಹಿಡಿದು ಬರುತ್ತಿದ್ದರು, ಈಗ ಎಷ್ಟು?

ಸಹ್ಯಾದ್ರಿ ಸುಬ್ಬಣ್ಣ:
ಈಗ ರೀಲ್ಸ್ ಮಾಡಲೂ ಬರುತ್ತಾರೆ. ಅದು ಒಪ್ಪಿದೆ.

ಕಡಲಕರೆ:
ನಮ್ಮ ಕಡೆ ಬನ್ನಿ ಮಾರಾಯ್ರೆ! ಮಹಶೀರ್, ಕಾಯ್ದೆ ಅಂತ ತಲೆಬಿಸಿ ಯಾಕೆ? ಮಲ್ಪೆ, ಮುರ್ಡೇಶ್ವರ ಕಡೆ ದೋಣಿ ಇರುವವರು ಟೂರಿಸ್ಟುಗಳನ್ನು ಕರೆದುಕೊಂಡು ಹೋಗಿ ಗಾಳ ಹಾಕಿಸುತ್ತಾರೆ. ನನ್ನ ಭಾವನೇ ಮಾಡುತ್ತಾನೆ. ನಾವೆಲ್ಲ ಸಣ್ಣವರಿರುವಾಗ ಅಳಿವೆಯಲ್ಲಿ ಕೈದಾರ ಬಿಟ್ಟು ಕಾಣೆ ಹಿಡಿದವರೇ. ಆದರೆ ಜೂನ್, ಜುಲೈಯಲ್ಲಿ ಎಂತ ಇಲ್ಲ. ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ, ಕಡಲೂ ಹುಚ್ಚು. ಆ ಎರಡು ತಿಂಗಳು ಭಾವ ಮನೆಯಲ್ಲೇ ಕೂತು ಅಕ್ಕನ ತಲೆ ತಿನ್ನುತ್ತಾನೆ.

ಮತ್ತೆ ಒಂದು ಕಷ್ಟ ಉಂಟು. ಟೂರಿಸ್ಟುಗಳಲ್ಲಿ ಅರ್ಧ ಜನ ದೋಣಿ ಹತ್ತಿದ ಸ್ವಲ್ಪ ಹೊತ್ತಿಗೆ ವಾಂತಿ.

ಮಂಡ್ಯದ ಮುದ್ದೆ:
ಕಾಣೆ ಫ್ರೈ ಫೋಟೋ ಹಾಕದೆ ಕಾಣೆ ಹೆಸರು ಎತ್ತುವುದು ಅಪರಾಧ.

ಕಡಲಕರೆ:
ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆ. ಫೋಟೋ ತೆಗೆಯುವಷ್ಟು ಹೊತ್ತು ತಟ್ಟೆಯಲ್ಲಿ ಉಳಿಯುವುದಿಲ್ಲ.

ಮಂಡ್ಯದ ಮುದ್ದೆ:
ನಮ್ಮ ಕಡೆ ಕೆರೆಯ ಜಿಲೇಬಿ ಮೀನಿನ ಹುಳಿಸಾರು, ಮುದ್ದೆ. ಅದೂ ನಿನ್ನೆ ಮಾಡಿ ಇವತ್ತು ತಿನ್ನಬೇಕು. ಸಮುದ್ರದ ಮೀನಿಗೆ ಆ ಯೋಗ್ಯತೆ ಇಲ್ಲ.

ಕೆರೆಏರಿ:
ಜಿಲೇಬಿಯನ್ನು ಎಷ್ಟು ಬೇಕಾದರೂ ತಿನ್ನಿ. ಅದು ಆಫ್ರಿಕಾದಿಂದ ಬಂದು ನಮ್ಮ ಕೆರೆಗಳನ್ನೆಲ್ಲ ಆಕ್ರಮಿಸಿಕೊಂಡ ಮೀನು. ನೀವು ಮಾಡುತ್ತಿರುವುದು ಪರಿಸರ ಸೇವೆ.

ಕಪ್ಪುಕೋಟು:
ಮೀನುಸಾರು ಮುಗಿದಿದ್ದರೆ ಕಾನೂನಿಗೆ ಬರೋಣ. ಕೆಲಸ ಬಿಡುವ ಮುಂಚೆ ಹುಡುಗನಿಗೆ ಇದು ಗೊತ್ತಿರಲಿ.

ಕಾವೇರಿ ವನ್ಯಜೀವಿ ಅಭಯಾರಣ್ಯ 1987ರಲ್ಲಿ ಆದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿಗೆ ಅನ್ವಯ. ಹಿಡಿದು ಬಿಟ್ಟರೂ ಅದು ಬೇಟೆಯ ಲೆಕ್ಕವೇ ಎಂದು ಅರ್ಥ ಮಾಡಿದ್ದರಿಂದ ಕ್ಯಾಂಪುಗಳಲ್ಲಿ ಗಾಳ ನಿಂತದ್ದು. ಹಾಗಾಗಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಕನಸೂ ಕಾಣಬೇಡಿ. ಡೈನಮೈಟ್, ವಿಷ ಎರಡಕ್ಕೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲೇ ನಿಷೇಧ ಇದೆ. ಬ್ರಿಟಿಷರ ಕಾಲದಿಂದ ಇದ್ದರೂ ಕೇಸ್ ಹಾಕುವವರು ಕಡಿಮೆ.

ಕೆರೆಗಳಿಗೆ ಬಂದರೆ, ಬಹಳಷ್ಟನ್ನು ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್ ಹಿಡಿದವರಿಗೋ ಗುತ್ತಿಗೆ ಕೊಟ್ಟಿರುತ್ತಾರೆ. ಅವರು ದುಡ್ಡು ಹಾಕಿ ಮರಿ ಬಿಟ್ಟಿರುತ್ತಾರೆ. ಅವರ ಒಪ್ಪಿಗೆ ಇಲ್ಲದೆ ಗಾಳ ಹಾಕಿದರೆ ಕಳ್ಳತನ. ದುಡ್ಡು ತೆಗೆದುಕೊಂಡು ಬೇರೆಯವರ ಕೈಯಲ್ಲಿ ಹಾಕಿಸಿದರಂತೂ ಇನ್ನೂ ಕಷ್ಟ. ಕೊಡಗಿನ ವಾಲ್ನೂರು ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಪರವಾನಗಿ ಕೊಟ್ಟು, ಹಿಡಿದು ಬಿಡುವ ಷರತ್ತಿನ ಮೇಲೆ ಗಾಳಕ್ಕೆ ಅವಕಾಶ ಮಾಡಿಕೊಟ್ಟ ರೂಢಿ ಇದೆ. ಈಗಿನ ನಿಯಮ ಅಲ್ಲೇ ಹೋಗಿ ಕೇಳಿ. ಗೆಸ್ಟಿಗೆ ಏನಾದರೂ ಆದರೆ ಹೊಣೆ ಯಾರದು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ನೀರಿಗೆ ಇಳಿಸಬೇಡಿ.

ಸಿಯಾಟಲ್ ಶಾಮ:
ಅಮೆರಿಕದಲ್ಲಿ ಇದು ದೊಡ್ಡ ಉದ್ಯೋಗ. ನಾನು ಅಲಾಸ್ಕಾಗೆ ಹೋಗಿದ್ದಾಗ ದೋಣಿಯ ಕ್ಯಾಪ್ಟನ್ ಕಥೆ ಕೇಳಿದೆ. ಅಪ್ಪನ ಜೊತೆ ಹ್ಯಾಲಿಬಟ್ ಎಂಬ ಕಡಲ ಮೀನು ಹಿಡಿಯುತ್ತಾ ಬೆಳೆದವನು. ಆದರೆ ಇಷ್ಟ ಇದೆ ಅಂತ ದೋಣಿ ಇಳಿಸುವ ಹಾಗಿಲ್ಲ. ಆರು ಜನರವರೆಗೆ ಕರೆದೊಯ್ಯುವುದಕ್ಕೂ ಕೋಸ್ಟ್ ಗಾರ್ಡ್ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆ. ಮೊಂಟಾನಾದಲ್ಲಿ ಹೊಳೆಯ ಗೈಡ್ ಆಗಬೇಕಾದರೆ ಲೈಸೆನ್ಸ್ ಇರುವ ಔಟ್‌ಫಿಟ್ಟರ್ (ಇಂಥ ಪ್ರವಾಸ ನಡೆಸುವವನು) ಒಬ್ಬನ ಕೈಕೆಳಗೆ ಕೆಲಸ ಮಾಡಬೇಕು. ನಮ್ಮಲ್ಲೂ ಇಂಥದ್ದೊಂದು ವ್ಯವಸ್ಥೆ ಬಂದರೆ ಹರಿಗೋಲು ಅಂಥವರಿಗೆ ಒಂದು ಗುರುತು ಸಿಗುತ್ತೆ.

ನೀರಿಗಿಳಿಯದವನು:
ಅಮೆರಿಕದಲ್ಲಿ ಅದು ಇದೆ, ಅಮೆರಿಕದಲ್ಲಿ ಇದು ಇದೆ. ಇಲ್ಲಿ ಲೈಸೆನ್ಸ್ ತಂದರೆ ಅದನ್ನು ಕೊಡುವುದಕ್ಕೆ ಒಂದು ಕಚೇರಿ, ಆ ಕಚೇರಿಗೆ ಒಬ್ಬ ಏಜೆಂಟ್.

ಸಿಯಾಟಲ್ ಶಾಮ:
😂 ಒಪ್ಪಿದೆ.

ತುಂಗಾತೀರದವಳು:
ಎಷ್ಟೊಂದು ವಿಷಯ! ಹರಿಗೋಲು ಅಣ್ಣನ ಪೋಸ್ಟನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಆ ಮಾವ ಯಾಕೆ ಮತ್ತೆ ಹೊಳೆಗೆ ಇಳಿಯಲಿಲ್ಲ?

ಹರಿಗೋಲು:
ಗೌರವದ ಪ್ರಶ್ನೆ ಅಕ್ಕಾ. ಬಲೆ ಹಾಕುತ್ತಿದ್ದಾಗ ಊರಲ್ಲಿ ಕಳ್ಳ ಅನ್ನುತ್ತಿದ್ದರು. ಗೈಡ್ ಆದ ಮೇಲೆ ಲಂಡನ್‌ನಿಂದ ಬಂದವರು ಇವರ ಹೆಸರು ಕೇಳಿಕೊಂಡು ಬರುತ್ತಿದ್ದರು, ವಾಪಸ್ ಹೋಗಿ ಕಾಗದ ಬರೆಯುತ್ತಿದ್ದರು. ಗಾಳ ನಿಂತಾಗ ಕೆಲವರು ಮತ್ತೆ ಬಲೆ ಹಿಡಿದರು. ಮಾವನನ್ನೂ ಕರೆದರು. ಬರಲ್ಲ ಅಂದರು, ಕುರಿ ಮೇಯಿಸಿಕೊಂಡು ಇದ್ದರು. ಅಷ್ಟೇ.

ಜಗಲಿಗೆ ಬ್ಯಾಗ್ ಎಸೆದವನು:
ಅಕ್ಕಾ, ಇದು ನೀನೇ ಅಲ್ವಾ? ಮಂಡಕ್ಕಿ ಕಥೆ ಓದಿದ ತಕ್ಷಣ ಗೊತ್ತಾಯಿತು. ಗೆಳೆಯನೊಬ್ಬ ಲಿಂಕ್ ಕಳಿಸಿ "ಇವನಿಗೂ ನಿನ್ನ ಥರವೇ ಹುಚ್ಚು" ಅಂದ.

ಸರಿ, ಬಂದಿದ್ದೇನೆ, ಉತ್ತರ ಕೊಡುತ್ತೇನೆ. ಇಎಂಐ ಇಲ್ಲ. ರಾಡ್ ತೆಗೆದುಕೊಂಡದ್ದು ಬೋನಸ್ಸಿನಲ್ಲಿ. ಅಭಯಾರಣ್ಯಕ್ಕೆ ಹೋಗುವ ಯೋಚನೆಯೇ ಇಲ್ಲ. ನಾನು ಕರೆದೊಯ್ಯುವುದು ಗೆಳೆಯನ ಅಪ್ಪ ಗುತ್ತಿಗೆ ಹಿಡಿದ ಕೆರೆಗೆ. ಕಾಟ್ಲಾ, ರೋಹು, ಒಂದೊಂದು ಸಲ ಕೊರವ. ಮುಳ್ಳಿಲ್ಲದ ಕೊಕ್ಕೆ, ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟುವುದು, ನೀರಿನಿಂದ ಮೇಲೆತ್ತಿ ಹಿಡಿದುಕೊಂಡು ನಿಲ್ಲುವ ಹಾಗಿಲ್ಲ. ಇದನ್ನೆಲ್ಲ ಮೊದಲು ಹೇಳಿಯೇ ರಾಡ್ ಕೊಡುತ್ತೇನೆ. ಒಬ್ಬರು ಕೇಳಲಿಲ್ಲ. ಅವರ ದುಡ್ಡು ವಾಪಸ್ ಕೊಟ್ಟು ಕಳಿಸಿದೆ.

ಹರಿಗೋಲು ಅಣ್ಣಾ, ನೀವು ಹೇಳಿದ ಆ ರಾಡ್ ಕೈಗೆ ಬರದ ವಿಷಯ. ನನಗೆ ಈಗೀಗ ಬೇರೆಯವರಿಗೆ ಮೀನು ಬಿದ್ದಾಗಲೇ ಜಾಸ್ತಿ ಖುಷಿಯಾಗುತ್ತೆ. ಮೊನ್ನೆ ಒಬ್ಬರು ಅಜ್ಜ ಮೊಮ್ಮಗಳ ಜೊತೆ ಬಂದಿದ್ದರು. ಆ ಹುಡುಗಿಗೆ ಬೆಂಡು ಮುಳುಗಿದ್ದು ನೋಡಲು ಕಲಿಸಿದೆ. ಸಿಕ್ಕಿದ್ದು ಅಂಗೈಯಷ್ಟು ಜಿಲೇಬಿ. ಅವಳು ಕೂಗಿದ ಕೂಗಿಗೆ ಕೆರೆಯ ಕೊಕ್ಕರೆಗಳೆಲ್ಲ ಎದ್ದವು. ಸ್ಪ್ರೆಡ್‌ಶೀಟ್ ಮುಂದೆ ಕೂತಾಗ ನನಗೆ ಅದೇ ನೆನಪಾಗುತ್ತೆ. ನಿಮ್ಮ ಜೊತೆ ಒಂದು ಸೀಸನ್ ಕೆಲಸ ಮಾಡಬಹುದಾ? ಸಂಬಳ ಬೇಡ.

ಹರಿಗೋಲು:
ಸಂಬಳ ಬೇಡ ಅನ್ನಬೇಡ ತಮ್ಮಾ. ಅದೇ ಅಭ್ಯಾಸವಾದರೆ ಮುಂದೆ ಯಾರೂ ಕೊಡುವುದಿಲ್ಲ. ಈಜು ಬರುತ್ತಾ?

ಜಗಲಿಗೆ ಬ್ಯಾಗ್ ಎಸೆದವನು:
ಬರುತ್ತೆ. ಸುಮಾರಾಗಿ.

ತುಂಗಾತೀರದವಳು:
ಬರಲ್ಲ! ಸೊಂಟದಷ್ಟು ನೀರಲ್ಲಿ ಕೈಕಾಲು ಬಡಿಯುತ್ತಾನೆ, ಅದನ್ನೇ ಈಜು ಅಂತಾನೆ. ಅಮ್ಮನ ಹೆದರಿಕೆ ಇರುವುದೇ ಅದಕ್ಕೆ.

ಹರಿಗೋಲು:
ಹಾಗಾದರೆ ಈಗ ಬರಬೇಡ. ಸೀಸನ್ ಶುರುವಾಗುವುದು ಮಳೆ ಮುಗಿದ ಮೇಲೆ. ಅಷ್ಟರಲ್ಲಿ ಬೆಂಗಳೂರಲ್ಲೇ ಯಾವುದಾದರೂ ಈಜುಕೊಳಕ್ಕೆ ಸೇರು. ಬಟ್ಟೆ ಹಾಕಿಕೊಂಡೇ ಈಜಲು ಕಲಿ, ಇನ್ನೊಬ್ಬನನ್ನು ಎಳೆದು ತರಲೂ ಕಲಿ. ಪ್ರಥಮ ಚಿಕಿತ್ಸೆ ತರಬೇತಿ ಮಾಡಿಕೋ. ಕೆಲಸ ಬಿಡಬೇಡ, ರಜೆ ಹಾಕಿ ಬಾ. ಮೊದಲ ವಾರ ರಾಡ್ ಮುಟ್ಟಿಸುವುದಿಲ್ಲ, ರಾಗಿ ಉಂಡೆ ನಾದಿಸುತ್ತೇನೆ.

ಕಪ್ಪುಕೋಟು:
ಹುಡುಗಾ, ಗೆಳೆಯನ ಅಪ್ಪನ ಗುತ್ತಿಗೆ ಕಾಗದದಲ್ಲಿ ಹೊರಗಿನವರನ್ನು ಕರೆತರಲು ಅವಕಾಶ ಇದೆಯಾ ನೋಡು. ಬಾಯಿಮಾತು ಸಾಲದು.

ಜಗಲಿಗೆ ಬ್ಯಾಗ್ ಎಸೆದವನು:
ನೋಡುತ್ತೇನೆ ಸಾರ್. ಈಜಿಗೆ ಸೋಮವಾರವೇ ಸೇರುತ್ತೇನೆ. ಅಕ್ಕಾ, ಅಮ್ಮನಿಗೆ ಊಟ ಮಾಡೋಕೆ ಹೇಳು.

ತುಂಗಾತೀರದವಳು:
ಮೊದಲು ಫೀಸ್ ಕಟ್ಟಿದ ರಸೀದಿ ಕಳಿಸು. ಆಮೇಲೆ ಹೇಳುತ್ತೇನೆ.

ಮಂಡ್ಯದ ಮುದ್ದೆ:
ಹರಿಗೋಲು ಅಣ್ಣ, ಉಂಡೆ ನಾದುವುದಕ್ಕೆ ಇನ್ನೊಬ್ಬರು ಬೇಕಿದ್ದರೆ ಹೇಳಿ. ನನಗೆ ಅನುಭವ ಇದೆ. ಆದರೆ ಮೀನಿಗೆ ಹೋಗುವಷ್ಟು ಉಳಿಯುತ್ತೆ ಅಂತ ಗ್ಯಾರಂಟಿ ಕೊಡುವುದಿಲ್ಲ.